ಶಸ್ತ್ರಚಿಕಿತ್ಸೆಯ ನಂತರದ ಮೊದಲ ರಾತ್ರಿ: ಪುಣೆಯಲ್ಲಿ ನಡೆಸಲಿರುವ ನೋವಿನ ಸಿಎಂಇಯಲ್ಲಿ ಏನಿರಬೇಕು?

ಅರಿವಳಿಕೆ ವೈದ್ಯೆ, ಕೋಥ್ರೂಡ್, ಪುಣೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಅಕ್ಟೋಬರ್ 16ರ ಆಸುಪಾಸಿನ ಒಂದು ಭಾನುವಾರ, ಅಕ್ಯೂಟ್ ಪೇನ್ ಅಂದರೆ ಗಾಯ ಮತ್ತು ಶಸ್ತ್ರಚಿಕಿತ್ಸೆಯ ನಂತರದ ನೋವಿನ ನಿರ್ವಹಣೆ ಕುರಿತು ಒಂದು ದಿನದ ಸಿಎಂಇ, ಅಂದರೆ ವೈದ್ಯರ ಮುಂದುವರಿಕೆ ಶಿಕ್ಷಣದ ಸಭೆ, ನಡೆಸಬೇಕೆಂದು ಪುಣೆಯಲ್ಲಿರುವ ನಾವು ಕೆಲವರು ಕನ್ನಡದ ವೈದ್ಯರು ಯೋಚಿಸಿದ್ದೇವೆ. 1846ರ ಆ ದಿನ ಬೋಸ್ಟನ್ನಿನಲ್ಲಿ ದಂತವೈದ್ಯ ಮಾರ್ಟನ್ ಈಥರ್ ಅರಿವಳಿಕೆಯ ಪ್ರಯೋಗವನ್ನು ಎಲ್ಲರೆದುರು ಮಾಡಿ ತೋರಿಸಿದರು. ಆಪರೇಷನ್ ಟೇಬಲ್ಲಿನ ಮೇಲಿನ ನೋವಿಗೆ ಅಂದೇ ದಾರಿ ಸಿಕ್ಕಿತು. ಆದರೆ ಟೇಬಲ್ಲಿನಿಂದ ಇಳಿಸಿ ವಾರ್ಡಿಗೆ ಕಳಿಸಿದ ರೋಗಿಯ ನೋವನ್ನು ನೋಡಿಕೊಳ್ಳಲು ಒಂದು ತಂಡವೇ ಬೇಕು ಎಂಬ ಮಾತು ಗಟ್ಟಿಯಾಗಿ ಕೇಳಿಬಂದದ್ದು 1988ರಲ್ಲಿ, ಸಿಯಾಟಲ್‌ನ ಬ್ರಯನ್ ರೆಡಿ ಮತ್ತು ಸಂಗಡಿಗರು ತಮ್ಮ ಆಸ್ಪತ್ರೆಯ ವ್ಯವಸ್ಥೆಯ ಬಗ್ಗೆ ಬರೆದಾಗ. ನಡುವೆ ನೂರನಲವತ್ತು ವರ್ಷಗಳಿಗೂ ಹೆಚ್ಚಿನ ಅಂತರವಿದೆ.

ಈ ಸಭೆಯ ಬಗ್ಗೆ ನನಗೇಕೆ ಇಷ್ಟು ಕಾಳಜಿ ಎಂದು ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ, ಕುಮಟಾ ಕಡೆಯಿಂದ ಬಂದು ಇಲ್ಲಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬರಿಗೆ ಹೊಟ್ಟೆಯ ಮೇಲ್ಭಾಗ ತೆರೆದು ಶಸ್ತ್ರಚಿಕಿತ್ಸೆ ಮಾಡಲಾಯಿತು. ಅರಿವಳಿಕೆ ಕೊಟ್ಟವಳು ನಾನೇ. ಮರುದಿನ ಬೆಳಿಗ್ಗೆ ರೌಂಡ್ಸ್‌ನಲ್ಲಿ ಕನ್ನಡದಲ್ಲಿಯೇ "ನೋವು ಹೇಗಿದೆ?" ಎಂದು ಕೇಳಿದೆ. "ಅಡ್ಡಿಲ್ಲ ಡಾಕ್ಟ್ರೇ" ಎಂದರು. ನಾನು ಚಾರ್ಟಿನಲ್ಲಿ ಹತ್ತಕ್ಕೆ ಮೂರು ಎಂದು ಬರೆದು ಮುಂದಿನ ಮಂಚಕ್ಕೆ ಹೋದೆ. ಅವರು ಎರಡೂ ಕೈಗಳಿಂದ ಹೊದಿಕೆಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಒಮ್ಮೆ ಕೆಮ್ಮಿ ತೋರಿಸಿ ಎಂದು ಹೇಳಬೇಕೆಂದು ನನಗೆ ತೋಚಲಿಲ್ಲ. ನೋವಿಗೆ ಹೆದರಿ ಕೆಮ್ಮದೆ ಕಫ ಒಳಗೇ ಉಳಿದು ಮೂರನೆಯ ದಿನ ಜ್ವರ ಬಂತು, ಎಕ್ಸ್‌ರೇಯಲ್ಲಿ ಬಲಗಡೆಯ ಕೆಳ ಶ್ವಾಸಕೋಶ ಮಸುಕಾಗಿತ್ತು. ಅವರು ಚೇತರಿಸಿಕೊಂಡು ಮನೆಗೆ ಹೋದರಾದರೂ, ಒಂದು ವಾರ ಹೆಚ್ಚಿಗೆ ಆಸ್ಪತ್ರೆಯಲ್ಲಿರಬೇಕಾಯಿತು. ರಾತ್ರಿ ಪಾಳಿಯ ಸಿಸ್ಟರ್ ಆಮೇಲೆ ಹೇಳಿದರು: ಆ ಮೊದಲ ರಾತ್ರಿ ಅವರು ಮಲಗಲೇ ಇಲ್ಲವಂತೆ, ಮಂಚದ ಅಂಚಿನಲ್ಲಿ ಬೆನ್ನು ಬಾಗಿಸಿಕೊಂಡು ಬೆಳಗಿನವರೆಗೂ ಕುಳಿತೇ ಇದ್ದರಂತೆ. ಕೇಸ್ ಶೀಟಿನಲ್ಲಿ ನೋವಿನ ಔಷಧ ಟ್ರಮಡಾಲ್ ಎಸ್‌ಒಎಸ್ ಎಂದಿತ್ತು. ಅವರು ಕೇಳಲಿಲ್ಲ, ಆದ್ದರಿಂದ ಯಾರೂ ಕೊಡಲಿಲ್ಲ.

ನಾನು ಹಾಜರಾದ ನೋವಿನ ಸಿಎಂಇಗಳಲ್ಲಿ ಬಹುಪಾಲು ಹೊಸ ಹೊಸ ನರ್ವ್ ಬ್ಲಾಕ್‌ಗಳ, ಅಂದರೆ ನರವನ್ನು ಮರಗಟ್ಟಿಸುವ ಚುಚ್ಚುಮದ್ದುಗಳ, ಉಪನ್ಯಾಸಗಳೇ ಇದ್ದವು. ಉಪನ್ಯಾಸಗಳು ಚೆನ್ನಾಗಿಯೇ ಇದ್ದವು. ಆದರೆ ಅವುಗಳಲ್ಲಿ ಯಾವುದೊಂದೂ ಆ ಅಡುಗೆಯವರ ರಾತ್ರಿಯನ್ನು ಬದಲಿಸುತ್ತಿರಲಿಲ್ಲ, ಏಕೆಂದರೆ ಆ ರಾತ್ರಿ ವಾರ್ಡಿನಲ್ಲಿದ್ದವರು ಯಾರೂ ಅಂಥ ಸಭಾಂಗಣಗಳಲ್ಲಿ ಕುಳಿತವರಲ್ಲ. ಹಾಗಾಗಿ ಅರ್ಧದಷ್ಟು ಆಸನಗಳನ್ನು ವಾರ್ಡಿನ ಸಿಸ್ಟರುಗಳಿಗೂ ರೆಸಿಡೆಂಟುಗಳಿಗೂ ಮೀಸಲಿಟ್ಟು, ಬ್ಲಾಕ್‌ಗಳ ಉಪನ್ಯಾಸಗಳನ್ನು ಆದಷ್ಟು ಕಡಿಮೆ ಮಾಡಬೇಕೆಂಬುದು ನನ್ನ ಪ್ರಸ್ತಾಪ. ನಿಮ್ಮ ಅಭಿಪ್ರಾಯವನ್ನು ಮನಬಿಚ್ಚಿ ಹೇಳಿ.

ಜನರಲ್ ಸರ್ಜನ್, ಸಯನ್, ಮುಂಬಯಿ

ಮೇಡಂ, ನೀವು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡಿದ್ದೀರಿ, ಆದರೆ ಆ ಎಸ್‌ಒಎಸ್ ಆರ್ಡರ್ ಬರೆದಿರುವುದು ಬಹುಶಃ ನನ್ನಂಥ ಒಬ್ಬ ಸರ್ಜನ್ನರೇ. ಮೂವತ್ತು ವರ್ಷ ನಾನೂ ಹಾಗೆಯೇ ಬರೆದಿದ್ದೇನೆ. ಎಸ್‌ಒಎಸ್ ಎಂದರೆ ಅಗತ್ಯ ಬಿದ್ದರೆ ಕೊಡಿ ಎಂದರ್ಥ. ವಾರ್ಡಿನಲ್ಲಿ ಅದು ರೋಗಿ ಕೂಗಿದರೆ ಕೊಡಿ ಎಂದಾಗುತ್ತದೆ. ನಮ್ಮ ಜನ ಕೂಗುವವರಲ್ಲ, ಅದರಲ್ಲೂ ಹೋಟೆಲಿನಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿದು ಬಂದವರು ಡಾಕ್ಟರರಿಗೆ ತೊಂದರೆ ಕೊಡಬಾರದೆಂದು ಹಲ್ಲು ಕಚ್ಚಿಕೊಂಡು ಇರುತ್ತಾರೆ.

ನಾನು ಈಗ ಬರೆಯುವ ರೀತಿ ಬೇರೆ. ಯಕೃತ್ತಿನ ತೊಂದರೆ ಇಲ್ಲದ ವಯಸ್ಕರಿಗೆ ಪ್ಯಾರಸಿಟಮಾಲ್ 1 ಗ್ರಾಂ, ಆರು ಗಂಟೆಗೊಮ್ಮೆ, ನೋವಿದೆಯೋ ಇಲ್ಲವೋ ಎಂದು ಕೇಳುವ ಪ್ರಶ್ನೆಯೇ ಇಲ್ಲದೆ, ಹೊತ್ತು ಹೊತ್ತಿಗೆ ಕೊಡಬೇಕು. ಐವತ್ತು ಕಿಲೋಗಿಂತ ಕಡಿಮೆ ತೂಕದವರಿಗೆ ಕಿಲೋ ಒಂದಕ್ಕೆ 15 ಮಿಲಿಗ್ರಾಂ ಎಂದು ಲೆಕ್ಕ ಹಾಕಬೇಕು. ಮೂತ್ರಪಿಂಡ, ಹೊಟ್ಟೆಯ ಹುಣ್ಣು, ರಕ್ತಸ್ರಾವದ ಭಯ ಇಲ್ಲದಿದ್ದರೆ ಅದರ ಜೊತೆಗೆ ಒಂದು ಉರಿಯೂತ ನಿವಾರಕ, ಗಾಯದ ಅಂಚಿಗೆ ಅಥವಾ ನರಕ್ಕೆ ಸ್ಥಳೀಯ ಅರಿವಳಿಕೆ, ಇಷ್ಟಾದ ಮೇಲೂ ಉಳಿಯುವ ನೋವಿಗೆ ಮಾತ್ರ ಓಪಿಯಾಯ್ಡ್, ಅಂದರೆ ಮಾರ್ಫಿನ್‌ನಂಥ ಅಫೀಮು ಜಾತಿಯ ಔಷಧ. ಬೇರೆ ಬೇರೆ ಕಡೆಗಳಿಂದ ನೋವನ್ನು ತಡೆಯುವ ಈ ಕ್ರಮವನ್ನು 1993ರಲ್ಲಿ ಡಾಲ್ ಅವರೊಂದಿಗೆ ಸೇರಿ ಸ್ಪಷ್ಟವಾಗಿ ಮುಂದಿಟ್ಟವರು ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್. ಅವರು ಸರ್ಜನ್ ಎಂಬುದನ್ನು ನನ್ನ ಸಹೋದ್ಯೋಗಿಗಳಿಗೆ ನಾನು ಮತ್ತೆ ಮತ್ತೆ ನೆನಪಿಸುತ್ತಿರುತ್ತೇನೆ. ನೋವು ಅರಿವಳಿಕೆಯವರ ವಿಷಯ ಎಂದು ಸರ್ಜನ್ನರು ದೂರ ಉಳಿಯಲು ಯಾವ ಕಾರಣವೂ ಇಲ್ಲ. ಹರ್ನಿಯಾ, ಸ್ತನ, ಎದೆ ತೆರೆಯುವ ಶಸ್ತ್ರಚಿಕಿತ್ಸೆಗಳ ನಂತರ ಮೂರು ತಿಂಗಳು ಕಳೆದರೂ ಹೋಗದ ನೋವಿನೊಂದಿಗೆ ರೋಗಿಗಳು ಮರಳಿ ಬರುವುದು ನಮ್ಮ ಒಪಿಡಿಗೇ ಅಲ್ಲವೇ?

ಒಂದೇ ಸಲಹೆ: ಸರ್ಜನ್ನರನ್ನು ನಿಮ್ಮ ಸಭೆಗೆ ಕರೆಯುವುದರ ಜೊತೆಗೆ, ಅವರ ಸಭೆಗೇ ನೀವು ಬನ್ನಿ. ನಮ್ಮ ಸಮ್ಮೇಳನಗಳಲ್ಲಿ ನೋವಿಗೆ ಸಿಗುವುದು ಮಧ್ಯಾಹ್ನದ ಊಟದ ನಂತರದ ಹದಿನೈದು ನಿಮಿಷ.

ಅರಿವಳಿಕೆ ವೈದ್ಯೆ, ಪಣಜಿ

ಮೇಡಂ ಅವರ ಅನುಭವ ಓದಿ ಮನಸ್ಸು ಭಾರವಾಯಿತು. ಆದರೂ ಬ್ಲಾಕ್‌ಗಳನ್ನು ಕಡಿಮೆ ಮಾಡಬೇಕೆಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲ, ಕಾರಣ ಹೇಳುತ್ತೇನೆ. ಗೋವಾದಲ್ಲಿ ನಾವು ಪ್ರತಿ ವಾರ ನೋಡುವುದು ಬೈಕಿನಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡ ತರುಣರನ್ನು ಮತ್ತು ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರನ್ನು. ಎಂಬತ್ತು ದಾಟಿದ, ಮೂತ್ರಪಿಂಡ ಸೋತಿರುವ ಅಜ್ಜಿಗೆ ಡೈಕ್ಲೋಫೆನಾಕ್‌ನಂಥ ಉರಿಯೂತ ನಿವಾರಕ ಕೊಡುವಂತಿಲ್ಲ, ಟ್ರಮಡಾಲ್ ಕೊಟ್ಟರೆ ವಾಂತಿ ಮತ್ತು ಭ್ರಮೆ. ಅಪಘಾತ ವಿಭಾಗದಲ್ಲಿಯೇ ತೊಡೆಸಂದಿಯ ಬಳಿ ಒಂದು ಫೇಸಿಯಾ ಇಲಿಯಾಕಾ ಬ್ಲಾಕ್ ಕೊಟ್ಟರೆ, ಅರ್ಧ ಗಂಟೆಯಲ್ಲಿ ಆಕೆ ಮುಖದ ಗಂಟು ಬಿಚ್ಚಿ ನೀರು ಕೇಳುತ್ತಾಳೆ. ಇದನ್ನು ಉಪನ್ಯಾಸ ಕೇಳಿ ಕಲಿಯಲಾಗದು, ಕೈಯಲ್ಲಿ ಅಲ್ಟ್ರಾಸೌಂಡ್ ಪ್ರೋಬ್ ಹಿಡಿದೇ ಕಲಿಯಬೇಕು. ಹೊಟ್ಟೆಯ ಗೋಡೆಗೆ ಕೊಡುವ ಟ್ಯಾಪ್ ಬ್ಲಾಕ್ ಬಂದದ್ದು 2001ರಲ್ಲಿ, ಬೆನ್ನಿನಲ್ಲಿ ಕೊಡುವ ಇರೆಕ್ಟರ್ ಸ್ಪೈನೆ 2016ರಲ್ಲಿ, ಸೊಂಟಕ್ಕೆ ಪೆಂಗ್ 2018ರಲ್ಲಿ. ನಮ್ಮಲ್ಲಿ ಹಲವರು ಎಂ.ಡಿ. ಮುಗಿಸಿದಾಗ ಇವು ಇರಲೇ ಇಲ್ಲ. ಸಿಎಂಇ ಇಲ್ಲದಿದ್ದರೆ ನಾವು ಎಲ್ಲಿ ಕಲಿಯಬೇಕು?

ಆದರೆ ಕಲಿಸುವ ರೀತಿ ಬದಲಾಗಬೇಕು ಎನ್ನುವುದು ನಿಜ. ಸೂಜಿಯ ತುದಿ ಎಲ್ಲಿದೆ ಎಂದು ಒಂದು ಗಂಟೆ ತೋರಿಸುತ್ತಾರೆ, ಔಷಧದ ಲೆಕ್ಕ ಒಂದು ಸ್ಲೈಡಿನಲ್ಲಿ ಮುಗಿದುಹೋಗುತ್ತದೆ. ನಲವತ್ತು ಕಿಲೋ ತೂಕದ ಹೆಂಗಸಿಗೆ ಸಿಸೇರಿಯನ್ ನಂತರ ಎರಡೂ ಬದಿ ಟ್ಯಾಪ್ ಬ್ಲಾಕ್ ಎಂದು ಇಟ್ಟುಕೊಳ್ಳಿ. ಶೇಕಡಾ 0.25ರ ಬ್ಯೂಪಿವಕೇನ್ ಎಂಬ ಸ್ಥಳೀಯ ಅರಿವಳಿಕೆಯನ್ನು ಬದಿಗೆ 20 ಮಿಲಿಲೀಟರಿನಂತೆ ಕೊಟ್ಟರೆ ಒಟ್ಟು 100 ಮಿಲಿಗ್ರಾಂ ಆಯಿತು. ಕಿಲೋಗೆ 2 ಮಿಲಿಗ್ರಾಂ ಎಂಬ ಮಿತಿಯಲ್ಲಿ ಆಕೆಗೆ ಸಲ್ಲುವುದು 80 ಮಾತ್ರ. ಅಭ್ಯಾಸ ಬಲದಿಂದ ಎರಡು ಸಿರಿಂಜ್ ತುಂಬಿಕೊಳ್ಳುವವರು ಈ ಗುಣಾಕಾರವನ್ನು ಮಾಡುವುದಿಲ್ಲ. ಆ ಔಷಧ ಹೆಚ್ಚಾಗಿ ಮೈಗೆ ವಿಷವಾದರೆ ಬೇಕಾಗುವ ಶೇಕಡಾ 20ರ ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ), ಮೊದಲಿಗೆ ಕಿಲೋಗೆ 1.5 ಮಿಲಿಲೀಟರ್, ಅಂದರೆ ಆಕೆಗೆ 60 ಮಿಲಿಲೀಟರ್, ನಿಮ್ಮ ಆಸ್ಪತ್ರೆಯಲ್ಲಿ ಯಾವ ಕಪಾಟಿನಲ್ಲಿದೆ ಎಂದು ಪ್ರತಿನಿಧಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಬೇಕು. ಉತ್ತರ ಗೊತ್ತಿಲ್ಲದವರು ಮರುದಿನ ಹೋಗಿ ಹುಡುಕಿಯಾದರೂ ಹುಡುಕುತ್ತಾರೆ.

ಒಂದು ವ್ಯಾವಹಾರಿಕ ಎಚ್ಚರಿಕೆಯನ್ನೂ ಹೇಳಬೇಕು. ಹೋಟೆಲಿನ ಸಭಾಂಗಣದಲ್ಲಿ ಅಲ್ಟ್ರಾಸೌಂಡ್ ಕಾರ್ಯಾಗಾರ ಇಡುವ ಆಲೋಚನೆ ಇದ್ದರೆ ಕೈಬಿಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಯಂತ್ರ ನೋಂದಣಿಯಾಗಿರುವ ಜಾಗದಲ್ಲೇ ಇರಬೇಕು. ನರ ಹುಡುಕಲೆಂದು ಕೊಂಡ ಯಂತ್ರಕ್ಕೂ ಅದೇ ನಿಯಮ. ಆಸ್ಪತ್ರೆಯೊಳಗೇ, ಅಲ್ಲಿನ ಯಂತ್ರದಲ್ಲೇ, ಅಧಿಕಾರಿಗಳಿಗೆ ಮೊದಲೇ ಪತ್ರ ಕೊಟ್ಟು ಮಾಡಿ.

ನರ್ಸಿಂಗ್ ಬೋಧಕಿ, ಚಿಂಚವಾಡ

ವೈದ್ಯರ ಚರ್ಚೆಯ ನಡುವೆ ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿದ್ದು ಈಗ ಹೊಸ ಸಿಸ್ಟರುಗಳಿಗೆ ಕಲಿಸುತ್ತಿದ್ದೇನೆ.

ರಾತ್ರಿ ಪಾಳಿಯಲ್ಲಿ ನೋವಿನ ಇಂಜೆಕ್ಷನ್ ಕೊಡುವುದೆಂದರೆ ಏನೇನಾಗಬೇಕು ಎಂದು ಹೇಳುತ್ತೇನೆ. ಮಾರ್ಫಿನ್ ಅಥವಾ ಫೆಂಟನಿಲ್ ಬೇಕೆಂದರೆ ಕಪಾಟಿನ ಬೀಗದ ಕೈ ರಾತ್ರಿ ಸೂಪರ್‌ವೈಸರ್ ಬಳಿ ಇರುತ್ತದೆ, ಅವರು ಬೇರೆ ಮಹಡಿಯಲ್ಲಿರುತ್ತಾರೆ. ರಿಜಿಸ್ಟರಿನಲ್ಲಿ ಇಬ್ಬರ ಸಹಿ ಆಗಬೇಕು, ಒಡೆದ ಆಂಪೂಲಿನ ಲೆಕ್ಕ ಕೊಡಬೇಕು, ಉಳಿದದ್ದನ್ನು ಚೆಲ್ಲಿದ್ದಕ್ಕೂ ಸಾಕ್ಷಿ ಬೇಕು. ವಾರ್ಡಿನಲ್ಲಿರುವ ಇಬ್ಬರೇ ಸಿಸ್ಟರುಗಳಲ್ಲಿ ಒಬ್ಬಳು ಬೀಗದ ಕೈ ತರಲು ಹೋದರೆ ಇನ್ನೊಬ್ಬಳು ಮೂವತ್ತು ಮಂಚಗಳನ್ನು ನೋಡಿಕೊಳ್ಳಬೇಕು. ಅವಳಿಗೆ ಭಯವೂ ಇದೆ, ಕೊಟ್ಟ ಮೇಲೆ ಉಸಿರು ನಿಧಾನವಾದರೆ ತನ್ನ ಮೇಲೆ ಬರುತ್ತದೆ ಎಂದು. ಈ ಭಯಕ್ಕೆ ಯಾವ ಸಿಎಂಇಯಲ್ಲಿಯೂ ಯಾರೂ ಮದ್ದು ಕೊಟ್ಟಿಲ್ಲ. ಉಸಿರಿನ ಎಣಿಕೆ ಇಳಿಯುವ ಮೊದಲೇ ಮಂಪರು ಹೆಚ್ಚುತ್ತದೆ, ಹೆಸರು ಹಿಡಿದು ಕರೆದಾಗ ಕಣ್ಣು ತೆರೆದು ಮಾತಿನ ಮಧ್ಯದಲ್ಲೇ ಮತ್ತೆ ನಿದ್ದೆಗೆ ಜಾರಿದರೆ ಮುಂದಿನ ಡೋಸ್ ನಿಲ್ಲಿಸಿ ಆಮ್ಲಜನಕ ಹಾಕಿ ಡಾಕ್ಟರರನ್ನು ಕರೆಯಬೇಕು, ಓಪಿಯಾಯ್ಡ್‌ಗೆ ಪ್ರತಿಮದ್ದಾದ ನ್ಯಾಲಾಕ್ಸೋನ್ ಎಲ್ಲಿದೆ ಮತ್ತು ಅದನ್ನು ಹೇಗೆ ತೆಳುಮಾಡಬೇಕು ಎಂಬುದು ಗೋಡೆಯ ಮೇಲೆ ಬರೆದಿರಬೇಕು. ಇಷ್ಟನ್ನು ಕಲಿಸಿ ಕೈಗೆ ಅಭ್ಯಾಸ ಮಾಡಿಸಿದರೆ ಅವಳು ಧೈರ್ಯವಾಗಿ ಕೊಡುತ್ತಾಳೆ. ಸ್ವೀಡನ್ನಿನಲ್ಲಿ ನರೀಂದರ್ ರಾವಲ್ ಅವರು 1994ರಲ್ಲಿಯೇ ಸಿಸ್ಟರುಗಳನ್ನು ಆಧಾರವಾಗಿಟ್ಟುಕೊಂಡು ನಡೆಸುವ ನೋವಿನ ಸೇವೆಯನ್ನು ವಿವರಿಸಿದ್ದರು ಎಂದು ನಮಗೆ ಪಾಠ ಮಾಡಿದ ವೈದ್ಯರೊಬ್ಬರು ಹೇಳಿದ್ದರು. ದುಬಾರಿ ಯಂತ್ರಗಳಿಲ್ಲದ ಆಸ್ಪತ್ರೆಗಳಿಗೆ ಅದು ಹೆಚ್ಚು ಹೊಂದುತ್ತದೆ ಎಂದು ನನ್ನ ಅನುಭವ.

ಇನ್ನು ಹತ್ತಕ್ಕೆ ಎಷ್ಟು ಎಂಬ ಪ್ರಶ್ನೆ. ನಮ್ಮಲ್ಲಿಗೆ ಬರುವ ಕಲಬುರಗಿ, ವಿಜಯಪುರದ ಕಟ್ಟಡ ಕೆಲಸಗಾರರಿಗೆ ಈ ಅಂಕಿ ಅರ್ಥವಾಗುವುದಿಲ್ಲ. ಪರೀಕ್ಷೆಯ ಅಂಕ ಎಂದು ತಿಳಿದು ಹತ್ತಕ್ಕೆ ಹತ್ತು ಒಳ್ಳೆಯದು ಎಂದುಕೊಂಡವರೂ ಇದ್ದಾರೆ. ವಯಸ್ಸಾದವರಿಗೆ ನಾನು ರೂಪಾಯಿಯ ಲೆಕ್ಕದಲ್ಲಿ ಕೇಳುತ್ತೇನೆ: ನಿನ್ನೆ ಒಂದು ರೂಪಾಯಿ ನೋವಿದ್ದರೆ ಇವತ್ತು ಎಷ್ಟು ಉಳಿದಿದೆ? "ಎಂಟಾಣೆ ಐತಿ ನೋಡ್ರಿ ಸಿಸ್ಟರ್" ಎಂದು ತಕ್ಷಣ ಹೇಳುತ್ತಾರೆ. ಮಾತುಗಳನ್ನೂ ಕಲಿಸಬೇಕು. ಸೆಳೀತೈತಿ ಎಂದರೆ ಒಂದು, ಉರೀತೈತಿ ಎಂದರೆ ಇನ್ನೊಂದು. ಕಾಲು ತೆಗೆದ ರೋಗಿ ಇಲ್ಲದ ಪಾದ ಉರಿಯುತ್ತಿದೆ, ಕರೆಂಟ್ ಹೊಡೆದ ಹಾಗಾಗುತ್ತಿದೆ ಎಂದಾಗ, ಮರಾಠಿಯ ಸಿಸ್ಟರ್ ಅದನ್ನು "ದುಖತಯ" ಎಂದಷ್ಟೇ ಬರೆದರೆ ನರದ ನೋವು ಎಂಬುದು ಬೆಳಗಿನ ಡಾಕ್ಟರರಿಗೆ ಹೇಗೆ ತಿಳಿಯಬೇಕು? ಮರಾಠಿ, ಕನ್ನಡ, ಕೊಂಕಣಿ, ಹಿಂದಿಯಲ್ಲಿ ನೋವಿನ ಮಾತುಗಳ ಒಂದು ಹಾಳೆಯನ್ನು ಅಂದು ಎಲ್ಲರಿಗೂ ಹಂಚಿ.

ಮಕ್ಕಳ ವೈದ್ಯ, ಮುಲುಂಡ್

ಸಿಸ್ಟರ್ ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಮಾತೇ ಬಾರದ ಮಗುವಿಗೆ ಮುಖ, ಕಾಲು, ಚಲನೆ, ಅಳು, ಸಮಾಧಾನಕ್ಕೆ ಒಗ್ಗುವಿಕೆ ಎಂಬ ಐದನ್ನು ನೋಡಿ ಅಂಕ ಕೊಡುವ ಫ್ಲಾಕ್ ಮಾಪನ ಇದೆ, ಹತ್ತು ನಿಮಿಷದಲ್ಲಿ ಕಲಿಸಬಹುದು. ಹಾಗೆಯೇ ಹನ್ನೆರಡು ವರ್ಷದೊಳಗಿನವರಿಗೆ ಟ್ರಮಡಾಲ್ ಮತ್ತು ಕೊಡೀನ್ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿದೆ. ಕೆಲವು ಮಕ್ಕಳ ದೇಹ ಅವನ್ನು ಬಹಳ ಬೇಗ ಪ್ರಬಲ ರೂಪಕ್ಕೆ ಬದಲಿಸಿ ಉಸಿರಿಗೆ ಕುತ್ತು ತರುತ್ತದೆ. ಟಾನ್ಸಿಲ್ ತೆಗೆದ ಮಕ್ಕಳಿಗೆ ಈಗಲೂ ಟ್ರಮಡಾಲ್ ಹನಿ ಬರೆದುಕೊಡುವುದನ್ನು ಕಂಡಿದ್ದೇನೆ. ದಯವಿಟ್ಟು ಇದಕ್ಕೆ ಜಾಗ ಕೊಡಿ.

ಸ್ನಾತಕೋತ್ತರ ವಿದ್ಯಾರ್ಥಿ, ಪುಣೆ

ಎಲ್ಲ ಹಿರಿಯರಿಗೂ ವಂದನೆಗಳು. ನರದ ನೋವಿಗೆ ಬಳಸುವ ಗ್ಯಾಬಾಪೆಂಟಿನ್ ಅಥವಾ ಪ್ರಿಗ್ಯಾಬಾಲಿನ್ ಗುಳಿಗೆಯನ್ನು ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಎಲ್ಲರಿಗೂ ಕೊಡಬೇಕೆಂದು ಒಂದು ಸಿಎಂಇಯಲ್ಲಿ ಹೇಳಿದರು, ಇನ್ನೊಂದರಲ್ಲಿ ಕೊಡಲೇಬಾರದೆಂದರು. ಎರಡೂ ಕಡೆ ಪ್ರಶ್ನೆ ಕೇಳಲು ಸಮಯವಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಬ್ಯಾಗ್ ತೆಗೆದುಕೊಂಡು ಊಟಕ್ಕೆ ಮುಂಚೆ ಹೊರಡುವವರೂ ಇದ್ದರು. ನಾವು ಕಿರಿಯರು ಇದರಿಂದ ಏನು ಕಲಿಯಬೇಕೆಂದು ತಿಳಿಯುವುದಿಲ್ಲ.

ಔಷಧಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ, ದಾದರ್

ತಮ್ಮಾ, ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಆ ಗುಳಿಗೆಗಳು ಓಪಿಯಾಯ್ಡ್ ಜೊತೆ ಸೇರಿದಾಗ, ಅದರಲ್ಲೂ ಮುದುಕರಲ್ಲಿ ಮತ್ತು ಶ್ವಾಸಕೋಶದ ಕಾಯಿಲೆ ಇದ್ದವರಲ್ಲಿ, ಉಸಿರಾಟವನ್ನು ತಗ್ಗಿಸಬಹುದೆಂದು ಎಫ್‌ಡಿಎ 2019ರ ಡಿಸೆಂಬರಿನಲ್ಲಿ ಎಚ್ಚರಿಕೆ ನೀಡಿತು. ಎಲ್ಲರಿಗೂ ಕಣ್ಣುಮುಚ್ಚಿ ಕೊಡುವ ವಾಡಿಕೆಯನ್ನು ಈಗ ಬಹಳ ಮಂದಿ ಬಿಟ್ಟಿದ್ದಾರೆ. ಆಯ್ದ ರೋಗಿಗಳಿಗೆ ಕಾರಣವಿದ್ದು ಕೊಡುವುದು ಬೇರೆ ಮಾತು.

ಎರಡು ಕಡೆ ಎರಡು ಮಾತು ಏಕೆ ಬಂತು ಎಂದು ಯೋಚಿಸಿದರೆ ಸಭೆಯ ಖರ್ಚು ಯಾರು ಕೊಟ್ಟರು ಎಂಬಲ್ಲಿಗೆ ಹೋಗಬೇಕಾಗುತ್ತದೆ. ನೋವಿನ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ. ನಾಡಿ, ಉಸಿರು, ಜ್ವರ, ರಕ್ತದೊತ್ತಡದಂತೆ ನೋವೂ ಅಳೆಯಬೇಕಾದ ಐದನೆಯ ಜೀವಲಕ್ಷಣ ಎಂಬ ಘೋಷಣೆ ಅಮೆರಿಕದಲ್ಲಿ 1990ರ ದಶಕದಲ್ಲಿ ಒಳ್ಳೆಯ ಉದ್ದೇಶದಿಂದಲೇ ಶುರುವಾಯಿತು, 2001ರಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ನೋವಿನ ಮಾನದಂಡಗಳನ್ನು ಜಾರಿಗೆ ತಂದಿತು. ಅದೇ ಕಾಲದಲ್ಲಿ ಔಷಧ ಕಂಪನಿಗಳ ಹಣದಿಂದ ನಡೆದ ವೈದ್ಯರ ಶಿಕ್ಷಣ ಸಭೆಗಳಲ್ಲಿ ಓಪಿಯಾಯ್ಡ್‌ನಿಂದ ಚಟ ಹತ್ತುವುದು ಅಪರೂಪ ಎಂದು ಸಾರಲಾಯಿತು. ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ಗುಳಿಗೆ ತಯಾರಿಸಿದ ಪರ್ಡ್ಯೂ ಕಂಪನಿ 2007ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ವೈದ್ಯರಿಗೆ ಪಾಠ ಹೇಳುವವರು ಯಾರು ಎಂಬುದರ ಮೇಲೆ ಲಕ್ಷಾಂತರ ಜನರ ಜೀವ ನಿಂತಿತ್ತು.

ನಮ್ಮ ದೇಶದ ಕಥೆ ಇದಕ್ಕೆ ತೀರಾ ವ್ಯತಿರಿಕ್ತ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಬಿಗಿಯಿಂದಾಗಿ ಮಾರ್ಫಿನ್ ಎಂದರೆ ಪೊಲೀಸರು ಎಂಬ ಭಯ ಬೆಳೆದು, ಸಣ್ಣ ನರ್ಸಿಂಗ್ ಹೋಮುಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯ ನಂತರ ಮಾರ್ಫಿನ್, ಫೆಂಟನಿಲ್ ಮೊದಲಾದ ಆರು ಔಷಧಗಳು ಅಗತ್ಯ ಮಾದಕ ಔಷಧಗಳೆಂದು ಗುರುತಿಸಲ್ಪಟ್ಟು, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ದಾರಿ ಸುಲಭವಾಯಿತು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಂಥ ಕಡೆ ಮಾರ್ಫಿನ್ ದಿನನಿತ್ಯದ ಮಾತು. ಅಲ್ಲಿಂದ ನಾಲ್ಕು ರಸ್ತೆ ಆಚೆಗಿನ ನರ್ಸಿಂಗ್ ಹೋಮಿನಲ್ಲಿ ಅದು ಸಿಗಲಿಕ್ಕಿಲ್ಲ. 2018ರಲ್ಲಿ ಟ್ರಮಡಾಲನ್ನೂ ಆ ಕಾಯ್ದೆಯೊಳಗೆ ತಂದ ಮೇಲೆ ಅದನ್ನು ಇಡಲು ಹಿಂಜರಿಯುವವರು ಹೆಚ್ಚಾದರು. ನಮ್ಮಲ್ಲಿ ಕಾನೂನನ್ನು ಸರಿಯಾಗಿ ತಿಳಿಸಿಕೊಡುವ ಒಂದು ಗಂಟೆ, ಹತ್ತು ಬ್ಲಾಕ್‌ಗಳಷ್ಟೇ ಬೆಲೆಯುಳ್ಳದ್ದು. ಪರವಾನಗಿ, ರಿಜಿಸ್ಟರ್, ದಾಸ್ತಾನಿನ ಲೆಕ್ಕವನ್ನು ನಿಜವಾದ ಖಾಲಿ ನಮೂನೆಗಳನ್ನಿಟ್ಟುಕೊಂಡು ತುಂಬಿಸಿಯೇ ಕಲಿಸಿ.

ಹಣದ ವಿಷಯ: 2024ರ ಮಾರ್ಚಿನಲ್ಲಿ ಬಂದ ಔಷಧ ಮಾರಾಟದ ಏಕರೂಪ ಸಂಹಿತೆಯ ಪ್ರಕಾರ ಕಂಪನಿಗಳು ವೈದ್ಯರಿಗೆ ಉಡುಗೊರೆ ಕೊಡುವಂತಿಲ್ಲ, ಉಪನ್ಯಾಸಕರನ್ನು ಬಿಟ್ಟು ಉಳಿದವರಿಗೆ ಪ್ರಯಾಣ, ಹೋಟೆಲ್ ವಾಸವನ್ನೂ ಕೊಡುವಂತಿಲ್ಲ. ನೀವು ಆಸ್ಪತ್ರೆಯ ಸಭಾಂಗಣದಲ್ಲಿ, ಡಬ್ಬಿಯ ಊಟದೊಂದಿಗೆ, ಪ್ರತಿನಿಧಿ ಶುಲ್ಕದಲ್ಲಿಯೇ ಮುಗಿಸಬಹುದು. ಸಿಸ್ಟರುಗಳಿಂದ ಶುಲ್ಕ ಪಡೆಯಬೇಡಿ, ಅವರ ಪಾಲನ್ನು ನಾನು ಮತ್ತು ನನ್ನ ಹಳೆಯ ವಿದ್ಯಾರ್ಥಿಗಳು ಭರಿಸುತ್ತೇವೆ.

ಅರಿವಳಿಕೆ ವೈದ್ಯೆ, ಕೋಥ್ರೂಡ್, ಪುಣೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಪಣಜಿಯ ಮೇಡಂ ಹೇಳಿದ್ದನ್ನು ಎರಡು ದಿನ ಯೋಚಿಸಿದೆ, ಅವರ ಮಾತು ಸರಿ. ಉಪನ್ಯಾಸವನ್ನು ಬಿಡುತ್ತೇನೆ, ಕಾರ್ಯಾಗಾರವನ್ನು ಬಿಡುವುದಿಲ್ಲ. ಬ್ಲಾಕ್‌ಗಳಲ್ಲಿ ಫೇಸಿಯಾ ಇಲಿಯಾಕಾ ಮತ್ತು ಟ್ಯಾಪ್ ಎರಡನ್ನೇ ಇಟ್ಟುಕೊಂಡು, ಸೂಜಿ ಹಿಡಿಯುವ ಮೊದಲು ಪ್ರತಿಯೊಬ್ಬರೂ ಕಾಗದದ ಮೇಲೆ ಮಿಲಿಗ್ರಾಂ ಲೆಕ್ಕ ಬರೆದು ತೋರಿಸಬೇಕು.

ಬೆಳಗಿನ ಭಾಗಕ್ಕೆ, ವೇಯ್ನ್ ಮೊರಿಸ್ ಮತ್ತು ರೋಜರ್ ಗೌಕ್ ಅವರು 2010ರಲ್ಲಿ ಪಪುವಾ ನ್ಯೂಗಿನಿಯಲ್ಲಿ ಆರಂಭಿಸಿದ ಎಸೆನ್ಷಿಯಲ್ ಪೇನ್ ಮ್ಯಾನೇಜ್‌ಮೆಂಟ್ ತರಬೇತಿಯ ಕ್ರಮವನ್ನು ಅನುಸರಿಸಬೇಕೆಂದಿದ್ದೇನೆ. ನೋವನ್ನು ಗುರುತಿಸು, ಅಳೆ, ಚಿಕಿತ್ಸೆ ಮಾಡು ಎಂಬ ಮೂರು ಹೆಜ್ಜೆ. ವೈದ್ಯರೂ ಸಿಸ್ಟರುಗಳೂ ಒಂದೇ ಮೇಜಿನ ಸುತ್ತ ಕುಳಿತು ರೋಗಿಯ ಉದಾಹರಣೆಗಳನ್ನು ಚರ್ಚಿಸುತ್ತಾರೆ. ಮೊದಲ ಉದಾಹರಣೆ ನನ್ನ ಅಡುಗೆಯವರದೇ. "ಅಡ್ಡಿಲ್ಲ" ಎಂದವರನ್ನು ಕೆಮ್ಮಿಸಿ, ಮಗ್ಗುಲು ತಿರುಗಿಸಿ, ಆಳವಾಗಿ ಉಸಿರೆಳೆಸಿ ನೋಡುವುದನ್ನು ಮಂಚದ ಪಕ್ಕದಲ್ಲೇ ಮಾಡಿ ತೋರಿಸುತ್ತೇನೆ. ಆನಂತರ ಕಾನೂನು ಮತ್ತು ರಿಜಿಸ್ಟರ್, ಊಟದ ಬಳಿಕ ಮಕ್ಕಳು, ನಂತರ ಮಂಪರಿನ ಅಂಕ ಮತ್ತು ನ್ಯಾಲಾಕ್ಸೋನಿನ ಅಭ್ಯಾಸ. ಪ್ರತಿ ಭಾಗದ ಅರ್ಧದಷ್ಟು ಸಮಯ ಪ್ರಶ್ನೆಗಳಿಗೆ.

ವೈದ್ಯರು ಐದು ವರ್ಷದಲ್ಲಿ ಮೂವತ್ತು ಗಂಟೆ ಸಿಎಂಇಗೆ ಹಾಜರಾಗಬೇಕು ಎಂಬ ನಿಯಮಕ್ಕೆ ಸಹಿ ಹಾಕಿಸಿಕೊಂಡು ಹೋಗುವವರನ್ನು ನಾನು ತಡೆಯಲಾರೆ. ಆದರೆ ಬಂದವರೆಲ್ಲರಿಂದ ಒಂದು ಕೆಲಸ ಕೇಳುತ್ತೇನೆ. ಸಭೆಗೆ ಬರುವ ಮೊದಲು ತಮ್ಮ ವಾರ್ಡಿನ ಕಳೆದ ಇಪ್ಪತ್ತು ಶಸ್ತ್ರಚಿಕಿತ್ಸೆಯ ಕೇಸ್ ಶೀಟುಗಳನ್ನು ತೆರೆದು, ಎಷ್ಟರಲ್ಲಿ ನೋವಿನ ಔಷಧ ಹೊತ್ತು ಹೊತ್ತಿಗೆ ಎಂದಿದೆ, ಎಷ್ಟರಲ್ಲಿ ಎಸ್‌ಒಎಸ್ ಎಂದಿದೆ, ಮೊದಲ ರಾತ್ರಿ ನೋವನ್ನು ಎಷ್ಟು ಬಾರಿ ದಾಖಲಿಸಲಾಗಿದೆ ಎಂದು ಎಣಿಸಿ ತರಬೇಕು. ಮೂರು ತಿಂಗಳ ನಂತರ ಮತ್ತೆ ಇಪ್ಪತ್ತನ್ನು ಎಣಿಸಿ ಕಳಿಸಬೇಕು. ಆಸ್ಪತ್ರೆಯ ಹೆಸರು ಬೇಡ, ರೋಗಿಯ ಹೆಸರು ಬೇಡ, ಸಂಖ್ಯೆ ಮಾತ್ರ ಸಾಕು. ಸರ್, ಸಯನ್ನಿನ ನೀವು ನಿಮ್ಮ ವಾರ್ಡಿನಿಂದಲೇ ಶುರುಮಾಡುವಿರಾ?

ಜನರಲ್ ಸರ್ಜನ್, ಸಯನ್, ಮುಂಬಯಿ

ಇಂದು ಮಧ್ಯಾಹ್ನವೇ ಎಣಿಸಿದೆ. ನನ್ನ ಸ್ವಂತ ರೋಗಿಗಳಲ್ಲಿ ಪರವಾಗಿಲ್ಲ. ಘಟಕದ ಉಳಿದ ಹಾಳೆಗಳಲ್ಲಿ ಹನ್ನೊಂದು ಎಸ್‌ಒಎಸ್. ರೆಸಿಡೆಂಟುಗಳನ್ನು ಕರೆದುಕೊಂಡೇ ಬರುತ್ತೇನೆ.

ನರ್ಸಿಂಗ್ ಬೋಧಕಿ, ಚಿಂಚವಾಡ

ಮೇಡಂ, ನಮ್ಮಲ್ಲಿಂದ ಆರು ಜನ ಬರಲು ಒಪ್ಪಿದ್ದಾರೆ. ಅವರಲ್ಲಿ ಮೂವರದು ಶನಿವಾರ ರಾತ್ರಿ ಪಾಳಿ. ಹ್ಯಾಂಡೋವರ್ ಮುಗಿಸಿ, ಮನೆಗೆ ಹೋಗಿ ಸ್ನಾನ ಮಾಡಿ, ಚಿಂಚವಾಡದಿಂದ ಬಸ್ ಹಿಡಿದು ಬರಬೇಕು. ಒಂಬತ್ತಕ್ಕೆ ಶುರುಮಾಡಿದರೆ ಅವರಿಗೆ ಮೊದಲ ಭಾಗವೇ ತಪ್ಪಿಹೋಗುತ್ತದೆ, ಅವರಿಗೆ ಬೇಕಾದದ್ದು ಅದೇ.

ಅರಿವಳಿಕೆ ವೈದ್ಯೆ, ಕೋಥ್ರೂಡ್, ಪುಣೆ

ಹತ್ತೂವರೆ ಎಂದು ತಿದ್ದಿದ್ದೇನೆ ಸಿಸ್ಟರ್. ಅವರು ಬಂದು ಚಹಾ ಕುಡಿದ ಮೇಲೆಯೇ ಮೊದಲ ಕೇಸ್ ತೆಗೆದುಕೊಳ್ಳೋಣ.